ಕುರ್ಚಿಗಳು ಮದುವೆಗೆ ಹೋಗಿದ್ದ ದಿನ

“ರೆಬ್ಬೆ, ಮನಸ್ಸಿಲ್ಲದೆ ಆಡಿದ ಒಳ್ಳೆ ಮಾತು ಸುಳ್ಳಿಗೆ ಸಮ ಅಲ್ಲವಾ?” ಅಂತ ಗೆತ್ಸಲ್ ಕೇಳಿದ.

ರೆಬ್ಬೆ ಅಂದರೆ ಗುರು. ಗೆತ್ಸಲ್ ಅವರ ಶಿಷ್ಯ. ಪ್ರಶ್ನೆ ಕೇಳಿ ಅವನು ಕೋಟಿನ ಜೇಬಿನಿಂದ ಮೂರು ಬೇಯಿಸಿದ ಮೊಟ್ಟೆ ತೆಗೆದು ಮೇಜಿನ ಮೇಲಿಟ್ಟ. ಒಂದು ಅಪ್ಪಚ್ಚಿಯಾಗಿತ್ತು. ಈ ಪ್ರಶ್ನೆಯನ್ನ ಯೋಚನೆ ಮಾಡೋಕೆ ಅಂತ ದಾರಿಯಲ್ಲಿ ಒಂದು ಕಟ್ಟೆಯ ಮೇಲೆ ಕೂತಿದ್ದನಂತೆ. ಮೊಟ್ಟೆಯ ಮೇಲೂ ಕೂತಿದ್ದೀನಿ ಅನ್ನೋದು ಯೋಚನೆ ಮುಗಿದ ಮೇಲೆ ಗೊತ್ತಾಯಿತಂತೆ.

“ಇದು ಯಾರ ಮನೆಗೆ ಹೊರಟಿದ್ದ ಮೊಟ್ಟೆ?”

“ಕಿಟಕಿಗೆ ಗಾಜು ಕೂರಿಸ್ತಾನಲ್ಲ, ಅವನ ಮನೆಗೆ. ತಾಯಿ ತೀರಿಕೊಂಡು ಶಿವೆ ಕೂತಿದ್ದಾನೆ. ಬಾಗಿಲ ತನಕ ಹೋದೆ. ವಾಪಸ್ ಬಂದೆ.”

ಶಿವೆ ಅನ್ನೋದು ಯಹೂದಿಗಳ ಸೂತಕ. ಸಾವಾದ ಮನೆಯ ಹತ್ತಿರದವರು ಏಳು ದಿನ ನೆಲಕ್ಕೆ ತಗ್ಗಾಗಿ ಕೂರಬೇಕು. ಬೂಟು ಹಾಕುವ ಹಾಗಿಲ್ಲ. ಎದೆಯ ಹತ್ತಿರ ಅಂಗಿ ಹರಿದುಕೊಂಡಿರಬೇಕು. ಕನ್ನಡಿಗೆ ಬಟ್ಟೆ ಮುಚ್ಚಿರಬೇಕು. ಬಾಗಿಲು ತೆಗೆದೇ ಇರುತ್ತೆ, ಯಾರು ಬೇಕಾದರೂ ಬರಬಹುದು. ಆದರೆ ಬಂದವರು ‘ಹೇಗಿದ್ದೀರಿ’ ಅನ್ನಬಾರದು. ದುಃಖದಲ್ಲಿರುವವರು ಬಾಯಿ ಬಿಡುವ ತನಕ ಬಂದವರೂ ಬಾಯಿ ಬಿಡಬಾರದು. ಹೊರಡುವಾಗ ಮಾತ್ರ ಒಂದು ಮಾತು ಹೇಳಿ ಹೊರಡಬೇಕು: ಹಮಾಕೋಮ್ ಯೆನಾಖೇಮ್. ಹಮಾಕೋಮ್ ಅಂದರೆ ಜಾಗ. ದೇವರ ಹೆಸರುಗಳಲ್ಲಿ ಅದೂ ಒಂದು. ಆತ ನಿಮ್ಮನ್ನ ಸಂತೈಸಲಿ ಅಂತ ಅರ್ಥ. ಅದರ ಮುಂದೆ ಇನ್ನೂ ಅಷ್ಟುದ್ದ ಇದೆ.

“ಆ ಮಾತು ನನಗೆ ನಿದ್ದೆಯಲ್ಲೂ ಬರುತ್ತೆ ರೆಬ್ಬೆ. ಅದೇ ತೊಂದರೆ. ಬಾಯಿ ಅದನ್ನ ಹೇಳ್ತಿರುತ್ತೆ, ಮನಸ್ಸು ಊಟಕ್ಕೇನು ಅಂತ ಕೇಳ್ತಿರುತ್ತೆ. ಆ ಅಜ್ಜಿಯನ್ನ ನಾನು ನೋಡೇ ಇಲ್ಲ. ಇವನನ್ನ ಕಂಡರೂ ಅಷ್ಟಕ್ಕಷ್ಟೆ. ಸುಳ್ಳು ಹೇಳೋದಕ್ಕಿಂತ ಹೋಗದೇ ಇರೋದು ವಾಸಿ ಅಲ್ಲವಾ?”

“ನೂ,” ಅಂದರು ರೆಬ್ಬೆ.

ಯಿದ್ದಿಶ್ ಭಾಷೆಯಲ್ಲಿ ‘ನೂ’ ಅನ್ನೋದಕ್ಕೆ ಅಂಥಾ ಅರ್ಥವೇನಿಲ್ಲ, ಉಪಯೋಗ ಮಾತ್ರ ಬಹಳ. ಈ ಸಲದ ‘ನೂ’ ಕೂತುಕೋ ಅಂತಿತ್ತು. ಗೆತ್ಸಲ್ ಕೂತ, ಜೇಬು ಮುಟ್ಟಿ ನೋಡಿಕೊಂಡು.

ರೆಬ್ಬೆ ಹೇಳಿದರು.

ಒಂದೂರಲ್ಲಿ ಒಬ್ಬ ಬಡಗಿ ಇದ್ದ. ಕೆಲಸ ಗಟ್ಟಿ, ಆಳು ಶ್ಲಿಮಾಜ಼ಲ್. ಅದೃಷ್ಟ ಮನೆಗೆ ಬರುವ ದಿನವೇ ನೋಡಿ ಬೀಗ ಹಾಕಿಕೊಂಡು ಹೊರಗೆ ಹೋಗಿರುತ್ತಾನಲ್ಲ, ಅವನನ್ನ ಶ್ಲಿಮಾಜ಼ಲ್ ಅಂತಾರೆ. ಇವನು ಮಾಡಿದ ಮಂಚ ನೂರು ವರ್ಷ ಬಾಳುತ್ತಿತ್ತು, ಆದರೆ ಬಾಗಿಲಲ್ಲಿ ಹಿಡಿಸುತ್ತಿರಲಿಲ್ಲ.

ಅವನಿಗೂ ಅವನ ಹೆಂಡತಿಗೂ ಒಂದು ಹೆಣ್ಣುಮಗು ಹುಟ್ಟಿತ್ತು. ಹುಟ್ಟಿ ಒಂದು ತಿಂಗಳು ತುಂಬುವ ಮೊದಲೇ ಹೋಯಿತು.

ತಿಂಗಳು ತುಂಬದ ಮಗುವಿಗೆ ಶಿವೆ ಇಲ್ಲ. ಶಾಸ್ತ್ರ ಹಾಗಿದೆ. ಆಗೆಲ್ಲ ಮನೆಮನೆಯಲ್ಲೂ ಮಕ್ಕಳು ಹೋಗುತ್ತಿದ್ದವು. ಪ್ರತಿ ಸಲವೂ ಕೂತರೆ ಜನ ಮೇಲೇಳೋದು ಯಾವಾಗ ಅಂತ ಹಿರಿಯರು ಕನಿಕರದಿಂದಲೇ ಹಾಗೆ ಮಾಡಿರಬೇಕು. ಆದ್ದರಿಂದ ಇವರು ಕೂರಲಿಲ್ಲ. ಕೂರದ ಮನೆಗೆ ಯಾರೂ ಬರಲಿಲ್ಲ. ಹೊರಡುವಾಗ ಹೇಳುವ ಆ ಮಾತನ್ನ ಯಾರೂ ಹೇಳಲಿಲ್ಲ. ಮಾರನೇ ದಿನ ಬೆಳಿಗ್ಗೆ, ಬಾಣಂತಿ ಇನ್ನೂ ಜ್ವರದಲ್ಲಿ ಮಲಗಿದ್ದಾಗ, ಹಿತ್ತಲ ಕೊಟ್ಟಿಗೆಯಿಂದ ಗರಗಸದ ಸದ್ದು ಬಂತು. ಗಂಡ ಕೆಲಸ ಶುರು ಮಾಡಿದ್ದ.

ಅವಳು ಆ ಸದ್ದು ಕೇಳಿ ಗೋಡೆಯ ಕಡೆ ತಿರುಗಿ ಮಲಗಿದಳು. ಆಮೇಲೆ ಆ ಮಗುವಿನ ಹೆಸರನ್ನ ಆ ಮನೆಯಲ್ಲಿ ಯಾರೂ ಎತ್ತಲಿಲ್ಲ.

ಮಾತೇ ನಿಂತಿತು ಅಂತಲ್ಲ. ನಮ್ಮ ಭಾಷೆ ದೊಡ್ಡ ಮನಸ್ಸಿನದು, ಮಾತಿಲ್ಲದವರಿಗೂ ಮಾತು ಕೊಡುತ್ತೆ.

“ಬೆನ್ನುನೋವು ಹೇಗಿದೆ?”

“ಬಾರುಖ್ ಹಶೆಮ್.” ದೇವರ ದಯೆ ಅಂತ.

“ನಾಳೆ ಸಂತೆಗೆ ಹೋಗ್ತೀಯಾ?”

“ಇಮ್ ಯಿರ್ತ್ಸೆ ಹಶೆಮ್.” ದೇವರ ಚಿತ್ತ ಇದ್ದರೆ ಅಂತ.

ಹೀಗೆ ದೇವರ ಮೇಲೆ ಹಾಕಿ ವರ್ಷಗಳು ಕಳೆದವು. ಯಾರಾದರೂ ಕಿವಿಗೊಟ್ಟಿದ್ದರೆ, ಎಂಥಾ ದೈವಭಕ್ತರ ಮನೆ ಅಂದುಕೊಳ್ಳಬೇಕು. ಊರಲ್ಲಿ ಮದುವೆಯಾದರೆ ಅವರಿಬ್ಬರೂ ಹೋಗುತ್ತಿರಲಿಲ್ಲ. ಅವರ ಮನೆಯ ಕುರ್ಚಿಗಳು ಹೋಗುತ್ತಿದ್ದವು. ಬಡಗಿಯ ಮನೆಯಲ್ಲವೇ, ಕುರ್ಚಿ ಬಹಳ ಇದ್ದವು, ಕೂರುವವರು ಇಬ್ಬರೇ.

ಒಂದು ವರ್ಷ ಬಿಸಿಲು ಕಾಲ ಬರುವ ಹೊತ್ತಿಗೆ ಹೆಂಡತಿ ಹೇಳಿದಳು: “ಮನೆಗೆಲ್ಲ ಸುಣ್ಣ ಹೊಡೆದು ಮುಗಿದ ಮೇಲೆ ನಾನು ಅಣ್ಣನ ಊರಿಗೆ ಹೋಗ್ತೀನಿ.”

“ವಾಪಸ್ ಯಾವಾಗ?”

ಅವಳು ಇಮ್ ಯಿರ್ತ್ಸೆ ಹಶೆಮ್ ಅಂತ ಕೂಡ ಅನ್ನಲಿಲ್ಲ.

ಬಡಗಿಗೆ ಅರ್ಥವಾಯಿತು. ಹೋಗಬೇಡ ಅನ್ನೋಕೆ ಬಾಯಿ ಬರಲಿಲ್ಲ. ಸುಣ್ಣವನ್ನ ನಿಧಾನವಾಗಿ ಹೊಡೆಯೋಕೆ ಶುರು ಮಾಡಿದ.

ಎಷ್ಟು ನಿಧಾನ ಮಾಡಿದರೂ ಗೋಡೆ ಒಂದು ದಿನ ಮುಗಿಯಲೇಬೇಕಲ್ಲ. ಮುಂದಿನ ಕೋಣೆಯ ಕೊನೆಯ ಗೋಡೆ ಅರ್ಧ ಆದಾಗ ಸುಣ್ಣ ಖಾಲಿಯಾಯಿತು. ಹೆಂಡತಿ ಬಕೆಟ್ ತಗೊಂಡು ಸುಣ್ಣದ ಗೂಡಿಗೆ ಹೊರಟಳು. ಬಡಗಿ ಸ್ವಲ್ಪ ಕೂರೋಣ ಅಂತ ಸುತ್ತ ನೋಡಿದ. ಕುರ್ಚಿಗಳೆಲ್ಲ ಹಿಂದಿನ ದಿನ ಮದುವೆಗೆ ಹೋಗಿದ್ದವು, ಇನ್ನೂ ಬಂದಿರಲಿಲ್ಲ. ಮೂಲೆಯಲ್ಲಿ ಒಂದು ಮಣೆ ಇತ್ತು. ಅದರ ಮೇಲೆ ಕೂತ. ಕೂರುವಾಗ ಗೋಡೆಯ ಮೊಳೆಗೆ ಅಂಗಿ ಸಿಕ್ಕಿಕೊಂಡು ಎದೆಯ ಹತ್ತಿರ ಪರ್ರಂತ ಹರಿಯಿತು. ಬೂಟಿಗೆ ಸುಣ್ಣ ಬೀಳುತ್ತೆ ಅಂತ ಮೊದಲೇ ಬಿಚ್ಚಿಟ್ಟಿದ್ದ. ಕನ್ನಡಿಗೆ ಸಿಡಿಯುತ್ತೆ ಅಂತ ಹೆಂಡತಿ ಅದಕ್ಕೆ ಬಟ್ಟೆ ಹೊದಿಸಿದ್ದಳು. ಗೋಡೆ ಒಣಗಲಿ ಅಂತ ಬಾಗಿಲು ತೆಗೆದೇ ಇತ್ತು.

ಮೊಟ್ಟೆ ಮಾರುವ ಹೆಂಗಸೊಬ್ಬಳು ಆ ದಾರಿಯಲ್ಲಿ ಬಂದಳು. ತೆಗೆದ ಬಾಗಿಲು ನೋಡಿದಳು. ಮಣೆ ನೋಡಿದಳು, ಬರಿಗಾಲು ನೋಡಿದಳು, ಅಂಗಿ ನೋಡಿದಳು, ಕನ್ನಡಿ ನೋಡಿದಳು. “ನೆಬೆಖ್,” ಅಂತ ತನ್ನಷ್ಟಕ್ಕೆ ಅಂದುಕೊಂಡಳು. ಅಯ್ಯೋ ಪಾಪ ಅಂತ. ಮೊಟ್ಟೆಯ ಬುಟ್ಟಿ ಎತ್ತಿಕೊಂಡು ಬಾಯಿ ತೆಗೆಯದೆ ಹೋದಳು.

ಬಡಗಿಗೆ ಗಾಬರಿಯಾಯಿತು. ಆ ಹೆಂಗಸು ಇಷ್ಟು ವರ್ಷದಲ್ಲಿ ಯಾವ ಬಾಗಿಲಿಂದಲೂ ಬಾಯಿ ತೆಗೆಯದೆ ಹೋದವಳಲ್ಲ.

ಸ್ವಲ್ಪ ಹೊತ್ತಿಗೆ ಅವಳು ಒಂದು ಪಾತ್ರೆ ತುಂಬ ಬೇಯಿಸಿದ ಮೊಟ್ಟೆ ತಂದು ಅವನ ಮುಂದಿಟ್ಟು ನೆಲದ ಮೇಲೆ ಕೂತಳು. ಅವಳ ಹಿಂದೆ ಬ್ರೆಡ್ಡಿನ ಅಂಗಡಿಯವನು ದುಂಡನೆಯ ಬ್ರೆಡ್ಡು ತಂದ. ಸಾವಿನ ಮನೆಗೆ ದುಂಡಗಿರುವ ತಿನಿಸು ತರೋದು ನಮ್ಮ ಪದ್ಧತಿ. ನೀರು ಹೊರುವವನು ಬಂದ. ದರ್ಜಿ ಹೆಂಡತಿಯ ಜೊತೆ ಬಂದ. ಪ್ರಾರ್ಥನೆಯ ಮನೆ ನೋಡಿಕೊಳ್ಳುವ ಶಾಮೆಸ್ ಪುಸ್ತಕಗಳ ಕಟ್ಟು ಹೊತ್ತುಕೊಂಡು ಬಂದ. ಎಲ್ಲರೂ ಸುಮ್ಮನೆ ಬಂದು ಸುಮ್ಮನೆ ಕೂತರು. ಸತ್ತವರು ಯಾರು ಅಂತ ಒಬ್ಬರಿಗೂ ಗೊತ್ತಿರಲಿಲ್ಲ. ಕೇಳುವ ಹಾಗಿಲ್ಲವಲ್ಲ. ಬಡಗಿಯೇ ಮೊದಲು ಮಾತಾಡಲಿ ಅಂತ ಕಾದರು.

ಬಡಗಿ ಏನು ಯೋಚಿಸಿದ? ಆ ಊರಲ್ಲಿ ಶವದ ಪೆಟ್ಟಿಗೆ ಮಾಡುವವನು ಅವನೇ. ಇಷ್ಟು ಜನ ಇಂಥಾ ಮುಖ ಹೊತ್ತು ಬಂದಿದ್ದಾರೆ ಅಂದರೆ ಊರಲ್ಲಿ ಯಾರೋ ಹೋಗಿದ್ದಾರೆ, ಪೆಟ್ಟಿಗೆ ಹೇಳೋಕೆ ಬಂದಿದ್ದಾರೆ, ದುಃಖಕ್ಕೆ ಗಂಟಲು ಕಟ್ಟಿದೆ ಅಂದುಕೊಂಡ. ದುಃಖದಲ್ಲಿರುವವರೇ ಮೊದಲು ಬಾಯಿ ಬಿಡಬೇಕು ಅನ್ನೋ ನಿಯಮ ಅವನಿಗೂ ಗೊತ್ತು. ಅವರು ಮಾತಾಡಲಿ ಅಂತ ಅವನು ಕಾದ.

ಅವನು ಮಾತಾಡಲಿ ಅಂತ ಅವರು, ಅವರು ಮಾತಾಡಲಿ ಅಂತ ಅವನು. ಎಲ್ಲರೂ ಪದ್ಧತಿ ಬಲ್ಲವರು. ಒಬ್ಬ ಅನಾಗರಿಕ ಇದ್ದಿದ್ದರೂ ವಿಷಯ ಇತ್ಯರ್ಥವಾಗುತ್ತಿತ್ತು.

ಹೋದವರು ಯಾರು ಅಂತ ತಿಳಿಯೋಕೆ ಬಡಗಿ ಬಂದವರನ್ನ ಎಣಿಸಿ ನೋಡಿದ. ಜನರನ್ನ ಎಣಿಸಿದರೆ ದೃಷ್ಟಿಯಾಗುತ್ತೆ, ಆದ್ದರಿಂದ ನಾವು ಎಣಿಸುವ ರೀತಿಯಲ್ಲೇ ಎಣಿಸಿದ: ಒಂದಲ್ಲ, ಎರಡಲ್ಲ, ಮೂರಲ್ಲ. ಪ್ರಾರ್ಥನೆ ಹಾಡುವವನು ಕಾಣಲಿಲ್ಲ. ಹಾಗಾದರೆ ಅವನೇ ಅಂತ ಬಡಗಿ ನಿಟ್ಟುಸಿರು ಬಿಟ್ಟ. ಒಳ್ಳೆ ಗಂಟಲು, ಉದ್ದನೆಯ ಆಳು, ದೊಡ್ಡ ಹಲಗೆ ಬೇಕು ಅಂದುಕೊಂಡ. ಅಷ್ಟರಲ್ಲಿ ಆ ಹಾಡುವವನು ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬಂದು, ಬಡಗಿಯ ಎದುರಿಗೇ ಕೂತು, ಅವನನ್ನ ನೋಡಿ ಕಣ್ಣೊರೆಸಿಕೊಂಡ. ಬಡಗಿ ಮೊದಲಿಂದ ಎಣಿಸೋಕೆ ಶುರು ಮಾಡಿದ.

ಆಗ ಹೆಂಡತಿ ಬಂದಳು.

ಸುಣ್ಣದ ಬಕೆಟ್ ಹಿಡಿದು ಹೊಸ್ತಿಲಲ್ಲಿ ನಿಂತಳು. ಮನೆ ತುಂಬ ಜನ ಕೆಳಗೆ ಕೂತಿದ್ದರು. ಗಂಡ ಮಣೆಯ ಮೇಲೆ, ಅಂಗಿ ಹರಿದುಕೊಂಡು.

ಒಂದು ವಿಷಯ ಗಮನಿಸು ಗೆತ್ಸಲ್. ಕನ್ನಡಿಗೆ ಬಟ್ಟೆ ಹೊದಿಸಿದವಳು ಅವಳೇ. ಕುರ್ಚಿಗಳು ಎಲ್ಲಿಗೆ ಹೋಗಿವೆ ಅಂತ ಅವಳಿಗೆ ಗೊತ್ತು. ಮೊಳೆಯಲ್ಲಿ ನೇತಾಡುತ್ತಿದ್ದ ಬಟ್ಟೆಯ ಚೂರೂ ಅವಳಿಗೆ ಕಾಣಿಸಿತು. ಅವಳಿಗೆ ಕ್ಷಣದಲ್ಲಿ ಎಲ್ಲ ಗೊತ್ತಾಯಿತು. “ಸುಣ್ಣ ಹೊಡೀತಿದ್ದೀವಿ” ಅಂತ ಒಂದು ಮಾತು ಅಂದಿದ್ದರೆ ಸಾಕು, ಜನ ನಕ್ಕು, ಬ್ರೆಡ್ಡು ವಾಪಸ್ ತಗೊಂಡು ಎದ್ದು ಹೋಗುತ್ತಿದ್ದರು. ಸಂಜೆಗೆ ಗೋಡೆ ಮುಗಿಯುತ್ತಿತ್ತು. ನಾಳೆ ಅವಳು ಹೊರಡುತ್ತಿದ್ದಳು.

ಅವಳು ಬಕೆಟ್ ಕೆಳಗಿಟ್ಟಳು. ಬೂಟು ಬಿಚ್ಚಿದಳು. ಹೋಗಿ ಗಂಡನ ಪಕ್ಕದಲ್ಲಿ ನೆಲದ ಮೇಲೆ ಕೂತಳು.

ಆಮೇಲೆ ಅವಳು, ಯಾರ ಕಡೆಗೂ ನೋಡದೆ ಅಂದಳು: “ಅವಳ ಬಲಗಿವಿಯ ತುದಿ ಮಡಚಿಕೊಂಡಿತ್ತು. ನಾನು ದಿನಾ ಬೆರಳಲ್ಲಿ ಬಿಡಿಸ್ತಿದ್ದೆ. ಮತ್ತೆ ಮಡಚಿಕೊಳ್ತಿತ್ತು.”

ಬಡಗಿ ತಲೆ ಎತ್ತಲಿಲ್ಲ. ಊರಲ್ಲಿ ಯಾರೂ ಸತ್ತಿಲ್ಲ, ಹೋದದ್ದು ತನ್ನ ಮನೆಯಿಂದಲೇ, ಯಾವತ್ತೋ, ಅಂತ ಅವನಿಗೆ ಆಗ ಗೊತ್ತಾಯಿತು.

“ಎಡಗಿವಿ,” ಅಂದ.

“ಬಲಗಿವಿ.”

“ನಾನು ಎತ್ತಿಕೊಂಡಾಗ ಎಡಗಡೆಗೆ ಕಾಣ್ತಿತ್ತು.”

“ನಿನ್ನ ಎಡಗಡೆ. ಅವಳಿಗೆ ಬಲ.” ಅಂದು ಅವಳು ಅವನ ಕಡೆ ತಿರುಗಿದಳು. ಆಮೇಲೆ, “ನೀನು ನೋಡಿದ್ದೆಯಾ?” ಅಂದಳು.

“ನಾನೂ ಬಿಡಿಸಿ ನೋಡಿದ್ದೆ.”

ಮೊಟ್ಟೆ ಮಾರುವವಳು ಸೆರಗಿನಂತೆ ಹೊದ್ದಿದ್ದ ಶಾಲಿನ ತುದಿಯನ್ನ ಬಾಯಿಗೆ ಒತ್ತಿಕೊಂಡಳು. ಉಳಿದವರು ಕದಲಲಿಲ್ಲ.

“ಹಾಗಾದರೆ ಮಾರನೇ ಬೆಳಿಗ್ಗೆನೇ ಕೆಲಸಕ್ಕೆ ಹೇಗೆ ಹೋದೆ?” ಅಂತ ಹೆಂಡತಿ ಕೇಳಿದಳು. ಇಷ್ಟು ವರ್ಷ ಗೋಡೆಯ ಕಡೆ ತಿರುಗಿ ಮಲಗಿದ್ದ ಪ್ರಶ್ನೆ ಅದು. ಊರವರ ಮುಂದೆ ಕೇಳಿದಳು.

“ಕೆಲಸ ಅಲ್ಲ,” ಅಂದ ಬಡಗಿ. “ತೊಟ್ಟಿಲು ಮಾಡ್ತಿದ್ದೆನಲ್ಲ. ಅರ್ಧ ಆಗಿತ್ತು. ಆ ಹಲಗೆಗಳನ್ನೇ ಕೊಯ್ದು ಅವಳಿಗೆ ಪೆಟ್ಟಿಗೆ ಮಾಡಿದೆ. ಬೇರೆ ಯಾರದೋ ಹಲಗೆಯಲ್ಲಿ ಯಾಕೆ ಹೋಗಬೇಕು ಅಂತ. ಇಷ್ಟು ಚಿಕ್ಕದು ನಾನು ಯಾವತ್ತೂ ಮಾಡಿರಲಿಲ್ಲ. ಎರಡು ಸಲ ಅಳತೆ ತಪ್ಪಿತು.”

ಹೆಂಡತಿ ಸುಣ್ಣ ಮೆತ್ತಿದ ಕೈಯನ್ನ ಅವನ ಮೊಣಕಾಲ ಮೇಲಿಟ್ಟಳು.

“ಫ್ರೇದಲ್,” ಅಂದಳು. ಮಗುವಿನ ಹೆಸರು.

“ಫ್ರೇದಲ್,” ಅಂದ ಅವನು.

ಶಾಮೆಸ್ ಗಂಟಲು ಸರಿಮಾಡಿಕೊಂಡ. ಅವನು ಶಾಸ್ತ್ರ ಬಲ್ಲವನು. ತಿಂಗಳು ತುಂಬದ ಮಗುವಿಗೆ ಶಿವೆ ಇಲ್ಲ, ಇದ್ದರೂ ಇಷ್ಟು ವರ್ಷದ ಮೇಲೆ ಕೂರೋದು ಇಲ್ಲ ಅಂತ ಹೇಳೋಕೆ ಬಾಯಿ ತೆಗೆದ. ಮೊಟ್ಟೆ ಮಾರುವವಳು ಇಷ್ಟು ಹೊತ್ತು ಅದಕ್ಕೇ ಕಾದಿದ್ದವಳ ಹಾಗೆ ಒಂದು ಮೊಟ್ಟೆಯನ್ನ ಆ ಬಾಯಿಗೆ ಇಟ್ಟಳು.

“ತಿನ್ನಿ ಶಾಮೆಸ್ ಅವರೇ,” ಅಂದಳು. “ಬಿಸಿ ಇದೆ, ನಿಧಾನವಾಗಿ ತಿನ್ನಿ.”

ಇಡೀ ಮೊಟ್ಟೆ ಬಾಯಲ್ಲಿಟ್ಟುಕೊಂಡು ಶಾಸ್ತ್ರ ಹೇಳೋಕಾಗಲ್ಲ. ಅದು ನುಂಗಿ ಮುಗಿಯುವ ಹೊತ್ತಿಗೆ ಶಾಮೆಸ್ ಬೇರೆ ಏನೋ ಯೋಚಿಸುತ್ತಿದ್ದ. ಅವನ ಮನೆಯಿಂದಲೂ ಒಂದು ಹೋಗಿತ್ತು ಅಂತ ಆಮೇಲೆ ಗೊತ್ತಾಯಿತು.

ಆ ಹೊತ್ತಿಗೆ ಸರಿಯಾಗಿ ಹೊರಗೆ ಗಾಡಿ ಬಂದು ನಿಂತಿತು. ಮದುವೆ ಮನೆಯವರು. ಗಂಡಿನ ತಂದೆ ಎರಡು ಕೈಯಲ್ಲೂ ಎರಡೆರಡು ಕುರ್ಚಿ ಹಿಡಿದು, ರಾತ್ರಿಯ ಕುಡಿತ ಇನ್ನೂ ಸ್ವಲ್ಪ ಉಳಿಸಿಕೊಂಡು, “ಮಜ಼ಲ್ ತೋವ್, ಮಜ಼ಲ್ ತೋವ್” ಅಂತ ಕೂಗುತ್ತಾ ಒಳಗೆ ಬಂದ. ಮದುವೆಯಲ್ಲಿ, ಮಗು ಹುಟ್ಟಿದಾಗ ಹೇಳುವ ಶುಭದ ಮಾತು ಅದು. ಸಾವಿನ ಮನೆಯಲ್ಲಿ ಅದನ್ನ ಹೇಳಿದವರು ನಮ್ಮ ಜನರಲ್ಲಿ ಯಾರೂ ಇಲ್ಲ. ಅವನೊಬ್ಬ ಹೇಳಿದ. ಹೇಳಿ, ಜನರನ್ನ ನೋಡಿ, ಕುರ್ಚಿಗಳನ್ನ ಹಿಡಿದೇ ನಿಂತ. ಇಳಿಸಲೋ ಹಿಡಿದೇ ಇರಲೋ ಅವನಿಗೆ ತಿಳಿಯಲಿಲ್ಲ.

ಊರವರೆಲ್ಲ ಕುರ್ಚಿಗಳ ಕಡೆ ನೋಡಿದರು. ಬಡಗಿಯ ಮಣೆಯ ಕಡೆ ನೋಡಿದರು. ದರ್ಜಿ ಹರಿದ ಅಂಗಿ ನೋಡಿ, ಮೊಳೆ ನೋಡಿದ. ಹರಿದದ್ದೋ ಹರಿದುಕೊಂಡದ್ದೋ ಅಂತ ಅವನಿಗೆ ಯಾರೂ ಹೇಳಿಕೊಡಬೇಕಿಲ್ಲ. ಸುಣ್ಣದ ಬಕೆಟ್ ಬಾಗಿಲಲ್ಲೇ ಇತ್ತು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಾವು ಬಂದದ್ದು ತಪ್ಪು ತಿಳಿದು ಅಂತ ಎಲ್ಲರಿಗೂ ಗೊತ್ತಾಯಿತು.

“ಹೊರಗಿಡಪ್ಪ,” ಅಂದ ನೀರು ಹೊರುವವನು. “ಈಗ ಕುರ್ಚಿ ಬೇಡ.”

ಯಾರೂ ನಗಲಿಲ್ಲ. ಯಾರೂ ಕುರ್ಚಿಗೆ ಏಳಲಿಲ್ಲ. ಗಂಡಿನ ತಂದೆ ಕುರ್ಚಿಗಳನ್ನ ಅಂಗಳದಲ್ಲಿ ಸಾಲಾಗಿ ಇಟ್ಟು, ಬೂಟು ಬಿಚ್ಚುವುದು ಬಂದವರ ಕೆಲಸವಲ್ಲ ಅನ್ನೋದನ್ನೂ ಮರೆತು ಬೂಟು ಬಿಚ್ಚಿ, ಒಳಗೆ ಬಂದು ಮೂಲೆಯಲ್ಲಿ ಕೂತ.

ಆಮೇಲೆ ಹೊರಡುವ ಹೊತ್ತಾಯಿತು. ಒಬ್ಬೊಬ್ಬರಾಗಿ ಎದ್ದು ಗಂಡಹೆಂಡತಿಯ ಮುಂದೆ ನಿಂತು ಹೇಳಿದರು. ಹಮಾಕೋಮ್ ಯೆನಾಖೇಮ್. ಬ್ರೆಡ್ಡಿನವನು ಒಲೆ ಆರಿಹೋಗುತ್ತೆ ಅನ್ನೋ ಅವಸರದಲ್ಲಿ ಹೇಳಿದ. ದರ್ಜಿ ಒಳ್ಳೆಯವನೇ, ಆದರೆ ಹೇಳುವಾಗಲೂ ಕಣ್ಣು ಅಂಗಿಯ ಹರಿದ ಜಾಗದ ಮೇಲಿತ್ತು. ನೀರು ಹೊರುವವನಿಗೆ ಆ ಮಾತು ಅರ್ಧಕ್ಕಿಂತ ಮುಂದೆ ಯಾವತ್ತೂ ಬರುತ್ತಿರಲಿಲ್ಲ. ಅರ್ಧ ಹೇಳಿ, ಉಳಿದದ್ದಕ್ಕೆ ಕೈ ಆಡಿಸಿದ. ಹಾಡುವವನು ರೂಢಿಯ ಮೇಲೆ ರಾಗ ಹಾಕಿಬಿಟ್ಟ. ಶಾಮೆಸ್ ದಿನಾ ಹೇಳಿ ಹೇಳಿ ಸವೆದ ಬಾಯಲ್ಲಿ ಗಡಗಡ ಹೇಳಿ ಮುಗಿಸಿದ. ಮದುವೆ ಮನೆಯವನು ‘ಮಜ಼’ ಅಂತ ಶುರು ಮಾಡಿ, ನಾ‍ಲಗೆ ಕಚ್ಚಿಕೊಂಡು, ಸರಿಯಾದ್ದನ್ನೇ ಹೇಳಿದ. ಮೊಟ್ಟೆ ಮಾರುವವಳು ಹೇಳಿ ಹೋಗಿ, ಪಾತ್ರೆ ಮರೆತು ವಾಪಸ್ ಬಂದು, ಎರಡನೇ ಸಲವೂ ಹೇಳಿದಳು.

ಪ್ರತಿ ಸಲವೂ ಆ ಇಬ್ಬರು ತಲೆ ಬಗ್ಗಿಸಿ ‘ಆಮೆನ್’ ಅಂದರು. ಬಡಗಿ ಅತ್ತಿದ್ದನ್ನ ಆ ಊರು ಅವತ್ತೇ ಮೊದಲು ನೋಡಿದ್ದು.

ಎಲ್ಲರೂ ಹೋದ ಮೇಲೆ ಬಡಗಿ ಬಕೆಟ್ ನೋಡಿದ.

“ಸುಣ್ಣ ಗಟ್ಟಿಯಾಗುತ್ತೆ,” ಅಂದ.

“ಆಗಲಿ,” ಅಂದಳು ಹೆಂಡತಿ.

ಅವಳು ಹೇಳಿದ್ದು ಸುಣ್ಣ ಹೊಡೆದು ಮುಗಿದ ಮೇಲೆ ಹೋಗ್ತೀನಿ ಅಂತ. ಹೇಳಿದ ಮಾತಿಗೆ ತಪ್ಪುವ ಹೆಂಗಸಲ್ಲ ಅವಳು. ಆ ಮನೆಯ ಮುಂದಿನ ಕೋಣೆಯಲ್ಲಿ ಒಂದು ಗೋಡೆ ಕೊನೆಯ ತನಕ ಅರ್ಧ ಬಿಳಿ, ಅರ್ಧ ಮಣ್ಣಿನ ಬಣ್ಣವೇ ಇತ್ತು. ಮುಂದಿನ ಮದುವೆಗೆ ಕುರ್ಚಿಗಳ ಜೊತೆ ಅವರಿಬ್ಬರೂ ಹೋದರು.

ರೆಬ್ಬೆ ಇಷ್ಟು ಹೇಳಿ ನಿಲ್ಲಿಸಿದರು.

ಗೆತ್ಸಲ್ ಯೋಚನೆ ಮಾಡಿದ. ಅವನಿಗೆ ಕತೆ ಹಿಡಿಸಿತ್ತು, ಆದರೆ ಪ್ರಶ್ನೆ ಇನ್ನೂ ಕೈಯಲ್ಲೇ ಇತ್ತು.

“ರೆಬ್ಬೆ, ಅಷ್ಟು ಜನ ಆ ಮಾತು ಹೇಳಿದರಲ್ಲ. ಒಬ್ಬನಿಗೆ ಒಲೆಯ ಚಿಂತೆ, ಒಬ್ಬನಿಗೆ ಅಂಗಿಯ ಚಿಂತೆ, ಒಬ್ಬನಿಗೆ ಮಾತೇ ಬರಲ್ಲ. ಅವರಲ್ಲಿ ಮನಸ್ಸಿಟ್ಟು ಹೇಳಿದವರು ಯಾರು?”

ರೆಬ್ಬೆ ಮೂರು ಮೊಟ್ಟೆಗಳಲ್ಲಿ ಒಡೆದದ್ದನ್ನ ತಮ್ಮ ಕಡೆಗೆ ಎಳೆದುಕೊಂಡರು. ಚೆನ್ನಾಗಿದ್ದ ಎರಡನ್ನ ಗೆತ್ಸಲ್‌ನ ಕಡೆ ಸರಿಸಿದರು.

“ಅದನ್ನ ಆ ಗಂಡಹೆಂಡತಿ ಯಾರ ಹತ್ತಿರವೂ ಕೇಳಲಿಲ್ಲ,” ಅಂದರು.

ಗೆತ್ಸಲ್ ಎದ್ದು, ಎರಡು ಮೊಟ್ಟೆಯನ್ನೂ ಈ ಸಲ ಕೈಯಲ್ಲೇ ಹಿಡಿದುಕೊಂಡು, ಗಾಜು ಕೂರಿಸುವವನ ಮನೆ ಕಡೆ ಹೊರಟ.